ಬಲ ಮಗ್ಗುಲಿನ ನೂರಾ ಹನ್ನೆರಡು ಮುಖಗಳು

ಫೆಬ್ರವರಿ ಒಂಬತ್ತು, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಚಿಕಲಠಾಣಾದ ಕಟ್ಟಡದ ಸೈಟಿನಲ್ಲಿ ಮೊದಲ ಫೋಟೋ ತೆಗೆದೆ. ‘ಗಾರೆ ಕೆಲಸದ ಮುದುಕ, ಬಲ ಮಗ್ಗುಲು, ಕಿವಿ ಸರಿಯಿದೆ’ ಎಂದು ನೋಟ್‌ಬುಕ್ಕಿನಲ್ಲಿದೆ.

ನಾನು ಹಾಜರಿ ಬರೆಯುವವನು. ಗೇಟ್‌ಪಾಸಿಗೆ ಎದುರಿನಿಂದ ಒಂದು ಫೋಟೋ ತೆಗೆದ ಮೇಲೆ, ಗೋಡೆಗೆ ನಿಲ್ಲಿಸಿ ಪಕ್ಕದಿಂದ ಇನ್ನೊಂದು ತೆಗೆಯುತ್ತೇನೆ. ಅದು ಅವ್ವನಿಗೆ. ಅವಳ ತಮ್ಮ, ನನ್ನ ಸೋದರಮಾವ, ಎಂಟು ವರ್ಷದ ಹಿಂದೆ ಕೆಲಸಕ್ಕೆಂದು ನಾಸಿಕಕ್ಕೆ ಹೋದವನು ಮರಳಲಿಲ್ಲ. ಆಗ ನನಗೆ ಹನ್ನೆರಡು. ಉಳಿದಿರುವುದು ಒಂದೇ ಚಿತ್ರ: ಪೈಠಣದ ಅಣೆಕಟ್ಟಿನ ಬಳಿ ಕುಳಿತು ನೀರು ನೋಡುತ್ತಿದ್ದಾನೆ. ಬರೀ ಬಲ ಮಗ್ಗುಲು. ಕಿವಿಯ ಹಾಲೆ ಎರಡಾಗಿ ಸೀಳಿದೆ. ಚಿಕ್ಕವನಿದ್ದಾಗ ರಿಂಗು ಕರುವಿನ ಹಗ್ಗಕ್ಕೆ ಸಿಕ್ಕಿ ಹರಿದದ್ದು.

“ಅರ್ಧಾ ಮಾರಿ ತಗೊಂಡು ಏನ್ ಮಾಡ್ತೀಯೋ ತಮ್ಮಾ?” ಇಟ್ಟಿಗೆ ಹೊರುವ ಹೆಂಗಸು ಕೇಳಿದಳು. “ಇನ್ನರ್ಧಾ ಸೇಠಗ ಇಟ್ಟೀ ಏನ?”

ಕೈ ಕುದುರಲೆಂದು ಮರಳು ಹೊರುವ ಒಂಬತ್ತು ಕತ್ತೆಗಳನ್ನೂ ತೆಗೆದೆ. ಕತ್ತೆಗಳು ಪಕ್ಕದಿಂದಲೇ ನನ್ನನ್ನು ನೋಡುತ್ತಿದ್ದವು. ಮನುಷ್ಯರು ಮಾತ್ರ, ಯಾರೋ ಕರೆದರೆಂದು ಎದ್ದು ಹೊರಟವರಂತೆ ಕಂಡರು.

ಮಾರ್ಚಿನಲ್ಲಿ ಒಂದು ವಾರ ನಾಸಿಕದ ಸೈಟಿಗೆ ಕಳಿಸಿದರು. ಅಲ್ಲಿ ಗೇಟ್‌ಪಾಸು ನನ್ನ ಕೆಲಸವಲ್ಲ. ಪಕ್ಕದ ಫೋಟೋ ಮಾತ್ರ ತೆಗೆದೆ. ಹೆಸರು ಕೇಳುವುದಿಲ್ಲ, ಕೇಳಿದರೆ ಜನ ಹೆದರುತ್ತಾರೆ. ಅರವತ್ತೇಳನೆಯ ಫೋಟೋದವನ ಮೈಯೆಲ್ಲ ಸಿಮೆಂಟ್ ಧೂಳು. ನಾನು ನೋಡಿದ್ದು ಕಿವಿಯನ್ನಷ್ಟೇ. ಸರಿಯಿತ್ತು.

“ಈ ಮಗ್ಗಲಾನ ಯಾಕ್ರಿ ಸಾಹೇಬ್ರ?” ಎಂದ, ನಮ್ಮ ವಿಜಯಪುರ ಕಡೆಯ ಕನ್ನಡದಲ್ಲಿ.

“ಇದ ಬೇಕ್ರಿ.”

“ಯಾರಿಗೆ ತೋರಸ್ತೀರಿ?”

“ನಮ್ಮವ್ವಗ್ರಿ.”

ಗೋಡೆಗೆ ಇನ್ನಷ್ಟು ಒತ್ತಿ ನಿಂತ. “ಹಂಗಾದ್ರ ಈ ಮಗ್ಗಲಾನ ಚೊಲೋ.”

ಮನೆಯಲ್ಲಿ ಅವ್ವ ಒಂದೊಂದೇ ಸರಿಸುತ್ತ ಅರವತ್ತೇಳಕ್ಕೆ ನಿಂತಳು. “ಇಂವನ್ನ ನೋಡ.”

“ಕಿವಿ ನೆಟ್ಟಗದಲ್ಲವ್ವಾ.”

“ಹೌದಲಾ,” ಎಂದಳು. ಚಹಾ ಆರಿಹೋಯಿತು, ಕುಡಿಯಲಿಲ್ಲ.

ಏಪ್ರಿಲ್ ಹದಿನೆಂಟಕ್ಕೆ ಫೋಟೋಗಳು ನೂರಾ ಹನ್ನೆರಡಾಗಿದ್ದವು. ಸುಮ್ಮನೆ ಕುಳಿತು ಲೆಕ್ಕ ಹಾಕಿದೆ: ಮೀಸೆ, ರುಮಾಲು, ಅಂಗಿಯ ಜೇಬು. ಜೇಬು ಒಂದರಲ್ಲೂ ಕಾಣಲಿಲ್ಲ. ಜೇಬಿರುವುದು ಎಡ ಎದೆಗೆ. ಬಲ ಮಗ್ಗುಲಿನಿಂದ ಕಾಣುವುದು ಹೇಗೆ? ಆದರೆ ಮಾವನ ಚಿತ್ರದಲ್ಲಿ ಜೇಬಿದೆ, ಬೀಡಿ ಕಟ್ಟೂ ಇದೆ.

ಪುಣೆಯಲ್ಲಿರುವ ನನ್ನ ಒಡಹುಟ್ಟಿದ ಅಕ್ಕನಿಗೆ ಫೋನ್ ಮಾಡಿದೆ. ಆ ಚಿತ್ರ ತೆಗೆದದ್ದು ಅವಳೇ.

“ನಾ ನನ್ನ ಸೆಲ್ಫಿ ತಗೊಂಡಿದ್ನೋ ಮಾರಾಯಾ. ಮಾಮಾ ಹಿಂದ ಬಂದಿದ್ದ. ಪ್ರಿಂಟ್ ಹಾಕಸೂ ಮುಂದ ಅವ್ವ ನನ್ನ ಕತ್ತರಿಸಿ ಒಗದ್ಲು.”

ಆ ಹಳೆಯ ಫೋನು ಸೆಲ್ಫಿಯನ್ನು ಕನ್ನಡಿಯಂತೆ ತಿರುಗಿಸಿ ಉಳಿಸುತ್ತಿತ್ತು. ಸೀಳಿದ್ದು ಎಡಗಿವಿ. ಎಂಟು ವರ್ಷ ಅದನ್ನೇ ನೋಡಿ ನೋಡಿ ಅವ್ವನ ನೆನಪೂ ಚಿತ್ರದಂತೆ ತಿರುಗಿಬಿಟ್ಟಿತ್ತು. ನಾನು ಎಲ್ಲರದೂ ತಪ್ಪು ಮಗ್ಗುಲನ್ನು ತೆಗೆದಿದ್ದೆ.

ಮರುದಿನವೇ ನಾಸಿಕಕ್ಕೆ ಹೋದೆ. ಆ ತಂಡ ಚದುರಿತ್ತು. ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮ ಹಾಜರಿ ಪುಸ್ತಕ ತೆರೆದು ತೋರಿಸಿದ. ಅರವತ್ತೇಳನೆಯದನ್ನು ತೆಗೆದ ದಿನ ಕೆಲಸಕ್ಕಿದ್ದವರು ಹತ್ತು ಜನ. ಅಂದಿನ ನನ್ನ ಫೋಟೋಗಳು ಹನ್ನೊಂದು.

ಅರವತ್ತೇಳನೆಯವನನ್ನು ತೋರಿಸಿ ಕೇಳಿದೆ. “ಕನ್ನಡದಾಂವಾ?” ಎಂದ, ಮರಾಠಿಯಲ್ಲಿ. “ನಿನ್ನ ಬಿಟ್ರ ಇಲ್ಲಿ ಯಾರೂ ಬಂದಿಲ್ಲಪಾ.”

ಈಗ ಎರಡೂ ಮಗ್ಗುಲು ತೆಗೆಯುತ್ತೇನೆ. ಅವ್ವ ಹೊಸವನ್ನು ನೋಡುವುದಿಲ್ಲ, ಅರವತ್ತೇಳನ್ನಷ್ಟೇ ತೆರೆಯುತ್ತಾಳೆ. ಅವನು ಹೇಳಿದ ಮಾತನ್ನು ಅವಳಿಗೆ ಇನ್ನೂ ತಿಳಿಸಿಲ್ಲ.

ಮಾವನ ವಯಸ್ಸು ನಲವತ್ತೈದರ ಆಸುಪಾಸು, ಎಡಗಿವಿಯ ಹಾಲೆ ಸೀಳಿದೆ, ಗಾರೆ ಕೆಲಸ. ಇದನ್ನು ಓದಿದವರಲ್ಲಿ ಯಾರಿಗಾದರೂ ಅವನ ವಿಷಯ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಎಲ್ಲಿದ್ದಾನೆಂದು ತಿಳಿಸಲು ಅವನು ಒಪ್ಪದಿದ್ದರೆ ಬೇಡ. ಇದ್ದಾನೋ ಇಲ್ಲವೋ, ಅಷ್ಟು ಸಾಕು.