ಶಿಲುಬೆಯ ತಲೆಯ ನಾಲ್ಕಕ್ಷರ

ಕಲ್ಲುಕುಟಿಗರ ರೆಪ್ಪೆಗೂದಲು ಯಾವಾಗಲೂ ಬೆಳ್ಳಗಿರುತ್ತಿತ್ತು. ಎಷ್ಟು ಮುಖ ತೊಳೆದರೂ ಕಲ್ಲಿನ ಪುಡಿ ಅಲ್ಲಿಂದ ಹೋಗುತ್ತಿರಲಿಲ್ಲ. ಹೊಳಲ್ಕೆರೆ ರಸ್ತೆಯ ಪಕ್ಕ, ತಗಡಿನ ಚಪ್ಪರದ ಕೆಳಗೆ ಒಬ್ಬರೇ ಕೂತು ಸಮಾಧಿಕಲ್ಲು ಕೆತ್ತುತ್ತಿದ್ದರು. ಯಾವ ಮತದವರದ್ದಾದರೂ ಸರಿ, ಕೆತ್ತಬೇಕಾದ ಸಾಲನ್ನು ಮನೆಯವರಿಂದ ಗಟ್ಟಿಯಾಗಿ ಓದಿಸಿ, ಅರ್ಥ ಕೇಳಿಕೊಂಡ ಮೇಲೆಯೇ ಉಳಿ ಹಿಡಿಯುತ್ತಿದ್ದರು. "ತಿಳೀದೆ ಕೆತ್ತಿದ್ರೆ ಸತ್ತೋರಿಗೆ ಮೋಸ ಮಾಡ್ದಂಗೆ" ಎನ್ನುವರು.

ನಾನು ತುರುವನೂರಿನಲ್ಲಿ ಪಾಠ ಹೇಳುವವಳು. ತೀರಿಹೋದ ಅಮ್ಮನ ಸಮಾಧಿಕಲ್ಲಿಗೆಂದು ಹೋದಾಗ, ಅವರು ಏನೂ ಕೇಳದೆ ಶಿಲುಬೆಯ ತಲೆಯ ಮೇಲೆ ಸೀಮೆಸುಣ್ಣದಲ್ಲಿ ಐ ಎನ್ ಆರ್ ಐ ಎಂದು ಬರೆದುಕೊಂಡರು.

"ಇದರ ಅರ್ಥ ಕೇಳ್ಲೇ ಇಲ್ಲವಲ್ಲ?"

"ಅದೇನು ಕೇಳೋದು ಟೀಚರಮ್ಮ? ನಿಮ್ಮೋರ ಶಿಲುಬೆ ಮೇಲೆಲ್ಲ ಇದೇ ಇರ್ತದೆ. ನೀವೆಲ್ಲ ಒಂದೇ ಮನೆತನ, ಇನಿಶಿಯಲ್ಲೂ ಒಂದೇ."

ನಕ್ಕುಬಿಟ್ಟೆ. ಆಮೇಲೆ ಹೇಳಿದೆ. ಅವು ನಾಲ್ಕು ಲ್ಯಾಟಿನ್ ಪದಗಳ ಮೊದಲಕ್ಷರ. 'ನಜರೇತಿನ ಯೇಸು, ಯೆಹೂದ್ಯರ ಅರಸ' ಎಂದರ್ಥ. ಶಿಲುಬೆಗೆ ಏರಿಸಿದವನ ಅಪರಾಧವನ್ನು ರೋಮಿನವರು ಹಲಗೆಯಲ್ಲಿ ಬರೆದು ತೂಗುಹಾಕುತ್ತಿದ್ದರು. ಈತ ಅರಸನೆನಿಸಿಕೊಂಡದ್ದೇ ಅಪರಾಧ. ಅವರು ಹಂಗಿಸಿ ಬರೆದದ್ದನ್ನು ನಾವು ನಿಜವೆಂದು ಉಳಿಸಿಕೊಂಡೆವು.

ಅವರು ಸುತ್ತಿಗೆ ಕೆಳಗಿಟ್ಟರು. "ಇಷ್ಟು ವರ್ಷ ಯಾರೂ ಹೇಳ್ಲಿಲ್ಲ ನೋಡ್ರಿ. ನೀವೊಬ್ರೇ ನಿಜ ಹೇಳಿದ್ದು." ಹೇಳುತ್ತಲೇ ಕೆಮ್ಮಿದರು. ಆ ಕೆಮ್ಮು ಮತ್ತೆ ಬಿಡಲೇ ಇಲ್ಲ.

ತಿಂಗಳೊಳಗೆ ಆಸ್ಪತ್ರೆ ಸೇರಿದರು. ನಾನು ನೋಡಲು ಹೋದೆ. ಕಲ್ಲಿನ ಧೂಳು ಶ್ವಾಸಕೋಶವನ್ನು ತಿಂದುಹಾಕಿದೆ, ಇನ್ನು ಮಾಡುವುದಕ್ಕೇನೂ ಇಲ್ಲ ಎಂದು ಡಾಕ್ಟರು ಕಲ್ಲುಕುಟಿಗರ ಹೆಂಡತಿಗೆ ಹೇಳಲಾರದೆ ನನ್ನನ್ನು ಹೊರಗೆ ಕರೆದು ಹೇಳಿದರು. ಒಳಗೆ ಬಂದೆ. ಮಂಚಕ್ಕೆ ತೂಗುಹಾಕಿದ್ದ ಇಂಗ್ಲಿಷ್ ಹಾಳೆಯನ್ನು ತೋರಿಸಿ ಅವರು ನಕ್ಕರು.

"ನನ್ನ ಅಪರಾಧ ಏನಂತ ಬರ್ದವ್ರೆ, ಟೀಚರಮ್ಮ? ಓದಿ ಹೇಳ್ರಿ."

ನನಗೆ ಧೈರ್ಯ ಸಾಲಲಿಲ್ಲ. "ವಾಸಿ ಆಗ್ತಾ ಐತಂತೆ. ವಾರದೊಳಗೆ ಮನೆಗೆ ಹೋಗ್ಬಹುದಂತೆ" ಎಂದುಬಿಟ್ಟೆ.

"ನೀವು ಹೇಳಿದ್ಮೇಲೆ ಮುಗೀತು ಬಿಡ್ರಿ." ಹೆಂಡತಿಯ ಕಡೆ ತಿರುಗಿದರು. "ಕೇಳಿದ್ಯಾ? ಉಳಿ ಎಲ್ಲಾ ಮೊಂಡಾಗವೆ, ಚೂಪು ಮಾಡ್ಸಿಡು."

ಮೂರನೆಯ ದಿನ ತೀರಿಕೊಂಡರು. ಸಾಯುತ್ತೇನೆಂದು ಗೊತ್ತಿದ್ದರೆ ಹೆಂಡತಿಗೆ ಏನಾದರೂ ಹೇಳಿ ಹೋಗುತ್ತಿದ್ದರೇನೋ. ಆ ಮಾತನ್ನು ನಾನೇ ತಪ್ಪಿಸಿದೆ.

ಮಣ್ಣು ಮುಗಿಸಿಕೊಂಡು ಎಲ್ಲರೂ ಚಪ್ಪರಕ್ಕೆ ಬಂದೆವು. ಅಮ್ಮನ ಕಲ್ಲಿನ ಮೇಲೆ ಸೀಮೆಸುಣ್ಣದ ನಾಲ್ಕಕ್ಷರ ಹಾಗೇ ಇದ್ದವು. ಪಕ್ಕದಲ್ಲಿ ಗೋಣಿಚೀಲದ ಮೇಲೆ, ಹೊಸದಾಗಿ ಚೂಪು ಮಾಡಿಸಿ ತಂದ ಉಳಿಗಳು. ಅವರ ಹೆಂಡತಿ ಅಳುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ನೀವೇ ಓದಿ ಹೇಳಿದ್ರಲ್ಲ, ಟೀಚರಮ್ಮ" ಎಂದರು.