ಇಲ್ಲ ಅನ್ನದ ಅಂಗಡಿ

ಆದೋನಿಯ ಪಂಚಾಕ್ಷರಯ್ಯನವರ ಗಾದಿ ಅಂಗಡಿಯಲ್ಲಿ ಎಲ್ಲವೂ ಸಿಗುತ್ತಿತ್ತು, ಒಂದು ಮಾತನ್ನು ಬಿಟ್ಟು. ಆ ಮಾತು ‘ಇಲ್ಲ’. ಬೂರುಗದ ಹತ್ತಿ ಮುಗಿದಿರಲಿ, ದಿಂಬಿನ ಬಟ್ಟೆ ತೀರಿರಲಿ, ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲಿ ಕೂತ ಮುದುಕರ ಬಾಯಿಂದ ಬರುತ್ತಿದ್ದುದು ಒಂದೇ: “ನಾಳೆ ಬರ್ರಿ.” ಗಲ್ಲಾದಲ್ಲಿ ಲಕ್ಷ್ಮಿ ಕೂತಿರುತ್ತಾಳೆ, ಆಕೆಯ ಎದುರು ಇಲ್ಲ ಅಂದರೆ ಆಕೆ ಎದ್ದು ಹೋಗುತ್ತಾಳೆ ಎಂದು ಅವರಿಗೆ ಅವರ ತಂದೆ ಹೇಳಿಕೊಟ್ಟಿದ್ದರು. ನಾಳೆ ಅಂದರೆ ಸರಕು ತೀರಿದೆ ಎಂದು ಗಿರಾಕಿಗಳು ತಾವೇ ತಿಳಿದು ಪಕ್ಕದ ಅಂಗಡಿಗೆ ಹೋಗುತ್ತಾರೆ, ಯಾರಿಗೂ ಬೇಜಾರಿಲ್ಲ, ಲಕ್ಷ್ಮಿಗಂತೂ ಇಲ್ಲವೇ ಇಲ್ಲ ಎಂಬುದು ಅವರ ನಂಬಿಕೆ. ಹಿರಿಯರ ನಂಬಿಕೆ ಅಂದಮೇಲೆ ಅದನ್ನು ಕೆದಕಿ ನೋಡುವವರು ಯಾರು?

ನೋಡಿದವಳು ಅವರ ಸೊಸೆ ಗಂಗೋತ್ರಿ. ಅದೂ ಬೇಕೆಂದು ನೋಡಿದ್ದಲ್ಲ, ಪೆಟ್ಟು ತಿಂದ ಮೇಲೆ ನೋಡಿದ್ದು.

ಗಂಗೋತ್ರಿಯ ತವರು ಹೊಳಗುಂದ. ಅಲ್ಲಿ ಅವಳ ಓಣಿಯ ಎರ್ರಮ್ಮ ಮತ್ತು ಜೊತೆಯ ಹೆಂಗಸರು ಮಧ್ಯಾಹ್ನ ಉಂಡು ಕಟ್ಟೆಯ ಮೇಲೆ ಕೂತರೆಂದರೆ ಹಳೇ ಸೀರೆಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುತ್ತಿದ್ದರು. ಗಂಗೋತ್ರಿಯ ಮಗಳ ತೊಟ್ಟಿಲಿಗೆ ಎರ್ರಮ್ಮ ಹೊಲಿದುಕೊಟ್ಟ ಪುಟ್ಟ ಕೌದಿಯ ಫೋಟೋವನ್ನು ಅವಳು ಫೋನಿನಲ್ಲಿ ಹಾಕಿದ್ದೇ ತಡ, ಬಳ್ಳಾರಿಯ ನೆಂಟರು ತಮಗೊಂದು ಬೇಕೆಂದರು. ನೆಂಟರ ನೆಂಟರೂ ಕೇಳಿದರು. ಕೊನೆಗೆ ಗುರುತು ಪರಿಚಯವಿಲ್ಲದವರೂ ಕೇಳತೊಡಗಿದಾಗ ಗಂಗೋತ್ರಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾದಿ ಅಂಗಡಿಗೆ ಒಂದು ವೆಬ್‌ಸೈಟ್ ಆಗಲೇಬೇಕು ಎಂದು ಕೂತಳು.

“ಮುಟ್ಟಿ ನೋಡದ ಯಾರವ್ವ ಕೊಂತಾರ?” ಎಂದರು ಪಂಚಾಕ್ಷರಯ್ಯ.

“ಮುಟ್ಟಿದಂಗ ತೋರಿಸಿದ್ರ ಕೊಂತಾರ್ರಿ ಮಾವಾರ,” ಎಂದಳು ಗಂಗೋತ್ರಿ.

ಹೇಳಿದಂತೆ ತೋರಿಸಿದಳು ಕೂಡ. ಮೊದಲು ಮಾಳಿಗೆಯ ಮೇಲೆ ನಡುಮಧ್ಯಾಹ್ನ ಫೋಟೋ ತೆಗೆದರೆ ಕೆಂಪು ಕೌದಿ ಬಿಳಿಚಿಕೊಂಡು ಬಂತು. ಮರುದಿನ ಬೆಳಿಗ್ಗೆ ಹೊಸ್ತಿಲ ನೆರಳಿನಲ್ಲಿ ತೆಗೆದಳು, ಬಣ್ಣ ಇದ್ದಂತೆಯೇ ಬಂತು. ಹೊಲಿಗೆಯನ್ನು ಹತ್ತಿರದಿಂದ ಒಂದು ತೆಗೆದಳು, ಹಿಂಬದಿಯದ್ದೂ ಒಂದು. ಹಿಂಬದಿ ತೋರಿಸುವವನೇ ನಿಯತ್ತಿನ ವ್ಯಾಪಾರಿ ಎಂಬುದು ಗಾದಿ ಅಂಗಡಿಯಲ್ಲಿ ಕಲಿತದ್ದು. ದೊಡ್ಡ ಕೌದಿ ಎಷ್ಟು ದೊಡ್ಡದು ಎಂದು ಎಲ್ಲರೂ ಕೇಳಿ ತಲೆ ತಿನ್ನುತ್ತಿದ್ದರು. ಅಳತೆ ಬರೆದರೂ ಅವರಿಗೆ ತಿಳಿಯದು. ಗಂಡ ಸಿದ್ದಲಿಂಗೇಶನನ್ನು ಕರೆದು ಕೌದಿಯ ಮೇಲೆ ನೆಟ್ಟಗೆ ಮಲಗಿಸಿ ಫೋಟೋ ಹೊಡೆದಳು. ಪಾಪ, ಆ ಮನುಷ್ಯ ಬಜಾರಿನಲ್ಲಿ ಹೋದಲ್ಲೆಲ್ಲ “ನಿದ್ದಿ ಮುಗೀತೇನ್ರಿ?” ಎಂದು ಕೇಳಿಸಿಕೊಂಡ. ಅಳತೆಯ ಪ್ರಶ್ನೆ ಮಾತ್ರ ಅಂದಿಗೆ ನಿಂತಿತು.

ಸೈಟು ಕಟ್ಟಿಕೊಟ್ಟವನು ಅದರ ಹೆಸರನ್ನೂ ಪಾಸ್‌ವರ್ಡನ್ನೂ ತನ್ನ ಕೈಯಲ್ಲೇ ಇಟ್ಟುಕೊಳ್ಳಲು ನೋಡಿದಾಗ ಅವಳು ಬಿಡಲಿಲ್ಲ. “ಮನಿ ನಮ್ಮದು, ಕೀಲಿಕೈ ನಿಮ್ಮ ಕಿಸೇದಾಗ ಇದ್ರ ಹೆಂಗ್ರಿ?” ಎಂದು ಕೇಳಿ, ಎಲ್ಲವನ್ನೂ ತನ್ನ ಹೆಸರಿಗೇ ಬರೆಸಿಕೊಂಡಳು. ಅವನು ಹಾಕಿಕೊಟ್ಟ ಹಾರಾಡುವ ಹೂವು, ಹೊಳೆಯುವ ನಕ್ಷತ್ರ ಎಲ್ಲವನ್ನೂ ಕಿತ್ತು ಹಾಕಿಸಿದಳು. ಅವುಗಳ ಭಾರಕ್ಕೆ ಪುಟವೇ ತೆರೆದುಕೊಳ್ಳುತ್ತಿರಲಿಲ್ಲ. “ಹೊಳಗುಂದದಾಗ ಎರ್ರಮ್ಮನ ಫೋನಿನ್ಯಾಗ ತೆರಕೊಂಡ್ರ, ಲೋಕದಾಗೆಲ್ಲ ತೆರಕೋತೈತಿ” ಎಂಬುದು ಅವಳ ಲೆಕ್ಕ. ಮೇಲೆ ಮಾವನ ಫೋಟೋ, ಅಂಗಡಿಯ ವಿಳಾಸ, ಎತ್ತುವ ಫೋನ್ ನಂಬರು. ಎತ್ತದ ನಂಬರು ಹಾಕುವುದಕ್ಕಿಂತ ಹಾಕದಿರುವುದೇ ವಾಸಿ ಅಲ್ಲವೇ?

ಇಷ್ಟೆಲ್ಲ ಬುದ್ಧಿವಂತಿಕೆ ತೋರಿದವಳು ಎಡವಿದ್ದು ಒಂದೇ ಕಡೆ. ಸೈಟಿನಲ್ಲಿ ಸರಕು ಮುಗಿದಾಗ ‘ಸ್ಟಾಕ್ ಇಲ್ಲ’ ಎಂದು ತಾನೇ ಬರೆದುಕೊಳ್ಳುವ ಒಂದು ಏರ್ಪಾಡಿತ್ತು. ಗಂಗೋತ್ರಿ ಅದನ್ನು ಹಚ್ಚಿ ನೋಡುತ್ತಿರುವಾಗ ಪಂಚಾಕ್ಷರಯ್ಯ ಹಿಂದಿನಿಂದ ಬಂದು ಕಣ್ಣು ಕಿರಿದು ಮಾಡಿ ಓದಿದರು.

“ಅಂಗಡಿ ಬಾಗಲಕ್ಕ ಇಲ್ಲ ಅಂತ ಬರೀತಾರೇನವ್ವ?”

ಅವಳು ವಾದಿಸಲಿಲ್ಲ. ಮಾವನಿಗೆ ಹೆದರಿಯಲ್ಲ, ಅವಳೂ ಅದೇ ನೀರು ಕುಡಿದವಳು. ಉಪ್ಪು ತೀರಿದರೂ ಇಲ್ಲ ಅನ್ನಬಾರದು ಎಂದು ತಾಯಿ ಕಲಿಸಿದ ಮನೆಯಿಂದ ಬಂದವಳು. ಆ ಏರ್ಪಾಡನ್ನು ತೆಗೆದೇ ಬಿಟ್ಟಳು.

ಹತ್ತಿ ಬಿಡಿಸುವ ಕಾಲ ಬರುವವರೆಗೆ ಎಲ್ಲ ಸುಸೂತ್ರವಾಗಿತ್ತು. ಹೊಲಗಳಲ್ಲಿ ಹತ್ತಿ ಒಡೆದು ಬೆಳ್ಳಗಾದ ಕೂಡಲೇ ಎರ್ರಮ್ಮ ಫೋನು ಮಾಡಿ, “ಸೂಜಿ ಎತ್ತಿಟ್ವಿ ಗಂಗೂ, ಇನ್ನ ಹತ್ತಿ ಮುಗಿಯೋತನ ಕೇಳಬ್ಯಾಡ” ಎಂದಳು. ಕೂಲಿ ಕೈತುಂಬ ಸಿಗುವ ದಿನಗಳಲ್ಲಿ ಕೌದಿಗೆ ಕೂರು ಎಂದು ಯಾವ ಬಾಯಿಂದ ಹೇಳುವುದು? ಅಂಗಡಿಯಲ್ಲಿದ್ದ ತೊಟ್ಟಿಲ ಕೌದಿಗಳು ಒಂದೊಂದಾಗಿ ಹೋಗಿ ಅವುಗಳ ಕಪಾಟು ಬರಿದಾಯಿತು. ಸೈಟಿಗೆ ಅದು ಗೊತ್ತಿಲ್ಲವಲ್ಲ! ಅದು ಅಂಗಡಿ ಬಾಗಿಲು ತೆರೆದು ನಗುತ್ತಲೇ ನಿಂತಿತ್ತು. ಆರ್ಡರು ಬರುತ್ತಲೇ ಇದ್ದವು. ಕೇಳಿದವರಿಗೆಲ್ಲ ಗಂಗೋತ್ರಿ ಅಭ್ಯಾಸಬಲದಿಂದ “ನಾಳೆ ಕಳಸ್ತೀವ್ರಿ” ಎಂದು ಬರೆದಳು. ಇವತ್ತಲ್ಲ ನಾಳೆ ಎರ್ರಮ್ಮ ಒಂದೆರಡಾದರೂ ಹೊಲಿಯದೆ ಇರುತ್ತಾಳೆಯೇ ಎಂಬ ಆಸೆಯೂ ಅದರೊಳಗಿತ್ತು. ಎರ್ರಮ್ಮ ಹೊಲಿಯಲಿಲ್ಲ.

ಸೊಲ್ಲಾಪುರದಿಂದ ಗುರುಬಸಮ್ಮ ಎಂಬ ಹಿರಿಯ ಹೆಣ್ಣುಮಗಳು ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆಂದು ಕೌದಿ ಕೇಳಿದ್ದಳು. ಆಕೆ ಫೋನು ಮಾಡಿದಾಗಲೆಲ್ಲ ನಾಳೆ. ಕಾರ್ಯ ಹತ್ತಿರ ಬಂದರೂ ನಾಳೆ. ಅಷ್ಟರಲ್ಲಿ ಇನ್ಯಾರೋ ಸೈಟಿನ ಕೆಳಗೆ, ಎಲ್ಲರಿಗೂ ಕಾಣುವಂತೆ ಬರೆದುಬಿಟ್ಟರು: ‘ಬರೀ ನಾಳೆ ನಾಳೆ ಅಂತಾರೆ. ಮೋಸದ ಅಂಗಡಿ. ಈ ಮುದುಕನ ಫೋಟೋ ನೋಡಿ ನಂಬಬೇಡಿ.’

ಸಿದ್ದಲಿಂಗೇಶ ಅದನ್ನು ಮುಚ್ಚಿಡಲು ನೋಡಿದ. ಆದರೆ ಬಜಾರಿನಲ್ಲಿ ಕೆಟ್ಟ ಸುದ್ದಿಗೆ ಕಾಲು ಜಾಸ್ತಿ. ಮಧ್ಯಾಹ್ನದ ಹೊತ್ತಿಗೆ ಯಾರೋ ಬಂದು ಪಂಚಾಕ್ಷರಯ್ಯನವರಿಗೇ ಓದಿ ತೋರಿಸಿ ಹೋದರು. ತೂಕದಲ್ಲಿ ಒಂದು ಹಿಡಿ ಹತ್ತಿ ಹೆಚ್ಚೇ ಹಾಕುತ್ತಾ ಬಂದ ಮನುಷ್ಯ. ಅವರಿಗೆ ಅಂದು ಅನ್ನ ಇಳಿಯಲಿಲ್ಲ.

“ತಗದುಬಿಡವ್ವ ಅದನ್ನ,” ಎಂದರು. “ನಮ್ಮಪ್ಪ ಗಳಿಸಿದ್ದು ಹೆಸರೊಂದ. ಅದು ಹೋದಮ್ಯಾಲೆ ಅಂಗಡಿ ತಗೊಂಡು ಏನ್ ಮಾಡೋದೈತಿ?”

ಗಂಗೋತ್ರಿಗೆ ಬರೆದವರ ಮೇಲೆ ಸಿಟ್ಟು ಬಂದು, ಬರೆದದ್ದು ಸುಳ್ಳಲ್ಲ ಎಂದು ಹೊಳೆದು, ಆ ಸಿಟ್ಟು ತನ್ನ ಮೇಲೇ ತಿರುಗಿತ್ತು. ಆದರೂ ಅವಳು ಸೈಟು ಮುಚ್ಚಲು ಒಪ್ಪಲಿಲ್ಲ.

“ನೆಗಡಿ ಆಗೈತಂತ ಮೂಗು ಕೊಯ್ಕೋತಾರೇನ್ರಿ ಮಾವಾರ? ಈಗ ಮುಚ್ಚಿದ್ರ ಅವರು ಬರದಿದ್ದು ಖರೇನ ಆಗತೈತಿ. ಹತ್ತಿ ಮುಗಿದಮ್ಯಾಲೆ ಎರ್ರಮ್ಮಾರಿಗೂ ಕೆಲಸ ಇರಂಗಿಲ್ಲ. ಕಾಯಾಕತ್ತಿದವರಿಗೆಲ್ಲ ನಾನ ಫೋನ್ ಮಾಡಿ ಹೇಳ್ತೀನಿ.”

“ಏನಂತ ಹೇಳ್ತಿ?”

“ಇದ್ದದ್ದು ಇದ್ದಂಗ.”

ಹೇಳುವುದು ಸುಲಭ. ಅಂಗಡಿಯಲ್ಲೇ ಕೂತು ಮೊದಲು ಸೊಲ್ಲಾಪುರಕ್ಕೆ ಫೋನು ಹಚ್ಚಿದಳು, ಪಕ್ಕದಲ್ಲಿ ಮಾವ. ಅತ್ತಲಿಂದ ಗುರುಬಸಮ್ಮನ ದನಿ ಬಂದದ್ದೇ ಗಂಗೋತ್ರಿಯ ನಾಲಿಗೆ ಗಂಟುಬಿತ್ತು. ಹತ್ತಿ ಬಿಡಿಸುವ ಸುದ್ದಿ ಹೇಳಿದಳು, ಮಳೆಯ ಸುದ್ದಿ ಹೇಳಿದಳು, ಹೆಂಗಸರ ಕೂಲಿಯ ಸುದ್ದಿ ಹೇಳಿದಳು. ಊರೆಲ್ಲ ಸುತ್ತಿದರೂ ಆ ಒಂದು ಮಾತಿನ ಮನೆಗೆ ಬರಲಿಲ್ಲ.

“ಅದೆಲ್ಲ ಇರ್ಲೆವ್ವ ತಂಗಿ,” ಎಂದಳು ಗುರುಬಸಮ್ಮ ಬೇಸತ್ತು. “ಕೌದಿ ಐತೋ ಇಲ್ಲೋ?”

ಗಂಗೋತ್ರಿ ಮತ್ತೆ ಮಳೆಯ ಸುದ್ದಿಗೇ ಹೊರಳಿದಳು. ಆಗ ಪಂಚಾಕ್ಷರಯ್ಯ ಕೈ ಚಾಚಿ ಫೋನು ಇಸಿದುಕೊಂಡರು. ಗಲ್ಲಾ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಎದ್ದರು. ನಿಧಾನವಾಗಿ ಚಪ್ಪಲಿ ಮೆಟ್ಟಿ, ಅಂಗಡಿಯ ಮೆಟ್ಟಿಲು ಇಳಿದು, ಬೀದಿಗೆ ಹೋಗಿ ನಿಂತರು. ಲಕ್ಷ್ಮಿಗೆ ಕೇಳಿಸಬಾರದಲ್ಲ!

“ಅವ್ವಾರ, ನಾನು ಅಂಗಡಿ ಪಂಚಾಕ್ಷರಯ್ಯ ಮಾತಾಡೋದು,” ಎಂದರು. ಎತ್ತರದ ದನಿಯಲ್ಲಿ ಹೇಳಿಯೇ ಬಿಟ್ಟರು. “ಇಲ್ರೀ. ಕೌದಿ ನಮ್ಮಲ್ಲಿ ಇಲ್ಲ. ನಾಳೇನೂ ಇರಂಗಿಲ್ಲ. ನಿಮ್ಮ ರೊಕ್ಕ ಈಗಿಂದೀಗ ವಾಪಸ್ ಬರತೈತಿ. ನಮ್ಮದು ತಪ್ಪಾತು, ಹೊಟ್ಟ್ಯಾಗ ಹಾಕ್ಕೋರಿ.”

ಎದುರಿನ ಪಾತ್ರೆ ಅಂಗಡಿಯವನು ಕೈಯಲ್ಲಿದ್ದ ತಂಬಿಗೆ ಹಾಗೇ ಹಿಡಿದು ನೋಡುತ್ತ ನಿಂತ. ಮೆಟ್ಟಿಲ ಮೇಲೆ ನಿಂತ ಗಂಗೋತ್ರಿಗೆ ಫೋನಿನಿಂದ ಆ ಕಡೆಯ ದನಿ ಕೇಳಿಸುತ್ತಿತ್ತು, ಗುರುಬಸಮ್ಮನ ಸಿಟ್ಟು ಅಷ್ಟು ಗಟ್ಟಿಯಾಗಿತ್ತು.

“ಈ ಮಾತು ಮೊದಲ ಹೇಳಾಕ ಏನಾಗಿತ್ರಿ ನಿಮಗ? ನನ್ನ ಪೆಟಿಗ್ಯಾಗ ಹಳೇ ಇಳಕಲ್ ಸೀರಿ ಬಿದ್ದಾವು. ಇಲ್ಲ ಅಂದಿದ್ರ ನಾನ ಹೊಲದು ಮುಗಿಸಿರ್ತಿದ್ದೆ. ಇಲ್ಲ ಅನ್ನೋದಕ್ಕ ನಾ ಏನ್ ಸಾಯ್ತಿದ್ನೇನು?”

“ಖರೇ ಐತ್ರಿ ಅವ್ವಾರ,” ಎಂದರು ಪಂಚಾಕ್ಷರಯ್ಯ.

ಆ ಕಡೆಯ ದನಿ ಇಳಿಯಿತು. “ಹೋಗ್ಲಿ. ಮತ್ತ ಏನೈತಿ ನಿಮ್ಮಲ್ಲಿ?”

ಮುದುಕರ ಮುಖ ಅರಳಿತು. ಈ ಪ್ರಶ್ನೆಗೆ ಉತ್ತರ ಕೊಡುವುದು ಅವರಿಗೆ ಹುಟ್ಟಿನಿಂದ ಬಂದ ವಿದ್ಯೆ. “ಕೂಸಿನ ಗಾದಿ ಐತ್ರಿ, ಸಾಸಿವಿ ತುಂಬಿದ ದಿಂಬು ಐತಿ. ಎರಡೂ ಕಪಾಟಿನ್ಯಾಗ ನನ್ನ ಕಣ್ಣಮುಂದ ಅದಾವು. ಇವತ್ತ ಹೊಂಡತಾವು.”

“ಇವತ್ತ ಅಂದ್ರ ಇವತ್ತ?”

“ಇವತ್ತ ಅಂದ್ರ ಇವತ್ತ.”

ಗಾದಿ, ದಿಂಬು ಎರಡನ್ನೂ ಸಿದ್ದಲಿಂಗೇಶ ಅಂದೇ ಕೊರಿಯರ್‌ಗೆ ಕೊಟ್ಟು ಬಂದ. ಉಳಿದವರಿಗೆಲ್ಲ ಗಂಗೋತ್ರಿಯೇ ಫೋನು ಮಾಡಿದಳು. ಮಾವ ದಾರಿ ತೋರಿಸಿದ ಮೇಲೆ ನಾಲಿಗೆಗೆ ಯಾವ ಅಡ್ಡಿಯೂ ಇರಲಿಲ್ಲ. ಕೆಲವರು ಬೈದರು, ಕೆಲವರು ರೊಕ್ಕ ವಾಪಸ್ ತಗೊಂಡರು, ಬಹಳ ಮಂದಿ ಹತ್ತಿ ಮುಗಿಯುವವರೆಗೆ ಕಾಯುತ್ತೇವೆ ಎಂದರು. ಮೋಸದ ಅಂಗಡಿ ಎಂದು ಬರೆದವರ ಮಾತನ್ನು ಅಳಿಸುವ ದಾರಿ ಹುಡುಕಲಿಲ್ಲ. ಅದರ ಕೆಳಗೆ ‘ನೀವು ಬರೆದದ್ದು ಸರಿ, ತಪ್ಪು ನಮ್ಮದು, ಈಗ ತಿದ್ದಿಕೊಂಡಿದ್ದೇವೆ’ ಎಂದು ಹೆಸರು ಹಾಕಿ ಬರೆದಳು.

ಸಂಜೆ ಮಾವ ತಾವೇ ಅವಳ ಪಕ್ಕ ಬಂದು ಕೂತರು. “ಬರಿಯವ್ವ ಇಲ್ಲ ಅಂತ. ಆದ್ರ ಇಲ್ಲ ಅನ್ನೋದರ ಬಾಜೂಕ, ಐತಿ ಅನ್ನೋದನ್ನೂ ಬರಿ. ಗಿರಾಕಿನ್ನ ಬರೇ ಕೈಲೆ ಕಳಸಬಾರದು.” ಗಂಗೋತ್ರಿ ಹಾಗೆಯೇ ಬರೆದಳು. ‘ತೊಟ್ಟಿಲ ಕೌದಿ ಸದ್ಯಕ್ಕೆ ಇಲ್ಲ. ಹೊಲಿಯುವವರು ಹತ್ತಿ ಬಿಡಿಸಲು ಹೋಗಿದ್ದಾರೆ, ಯುಗಾದಿ ಹೊತ್ತಿಗೆ ಬರುತ್ತದೆ. ಕೂಸಿನ ಗಾದಿ ಇದೆ.’ ವಿಚಿತ್ರ ನೋಡಿ, ಅದನ್ನು ಓದಿದವರು ಗಾದಿಯನ್ನೂ ಕೊಂಡರು, ಯುಗಾದಿಯ ಕೌದಿಗೂ ಹೆಸರು ಬರೆಸಿದರು.

ಗುರುಬಸಮ್ಮನೂ ಹೆಸರು ಬರೆಸಿದ್ದಳು. ಯುಗಾದಿ ಮುಗಿದು ಎರ್ರಮ್ಮನ ಕೌದಿ ಸೊಲ್ಲಾಪುರ ತಲುಪಿದ ಮೇಲೆ ಸೈಟಿನ ಕೆಳಗೆ ಗುರುಬಸಮ್ಮನ ಮಾತು ಕಾಣಿಸಿಕೊಂಡಿತು, ದೊಡ್ಡ ಮೊಮ್ಮಗಳ ಕೈಯಲ್ಲಿ ಬರೆಸಿದ್ದು: ‘ಇವರು ಇಲ್ಲದ್ದನ್ನು ಇಲ್ಲ ಅನ್ನುತ್ತಾರೆ. ಅದಕ್ಕೇ ಇದೆ ಅಂದಾಗ ನಂಬಿ.’ ಪಂಚಾಕ್ಷರಯ್ಯ ಅದನ್ನು ಸೊಸೆಯಿಂದ ಮತ್ತೆ ಮತ್ತೆ ಓದಿಸಿ ಕೇಳಿದರು.

ಈಗ ಆದೋನಿ ಸುತ್ತ ಫೋನಿನಲ್ಲಿ ವ್ಯಾಪಾರ ಮಾಡುವ ಹೆಂಗಸರು ಸಲಹೆಗೆ ಗಂಗೋತ್ರಿಯ ಬಳಿ ಬರುತ್ತಾರೆ. ಮೊನ್ನೆ ಮದ್ದಿಕೇರದಿಂದ ಹಾರಿಕಾ ಎಂಬ ಹುಡುಗಿ ತನ್ನ ಶೇಂಗಾ ಚಟ್ನಿಪುಡಿಯ ಸೈಟು ತೋರಿಸಲು ಬಂದಿದ್ದಳು. ಫೋಟೋ ಚೆನ್ನಾಗಿತ್ತು, ನಂಬರೂ ಇತ್ತು. “ಪುಡಿ ತೀರಿದ್ರ ಏನಂತ ಬರೀತೀಯವ್ವ?” ಎಂದು ಗಂಗೋತ್ರಿ ಕೇಳಿದಳು. ಹಾರಿಕಾ ತಬ್ಬಿಬ್ಬಾದಳು. ಅದನ್ನು ಯೋಚಿಸಿರಲಿಲ್ಲ.

ಅದೇ ಹೊತ್ತಿಗೆ ನಾಗಲದಿನ್ನೆಯ ಭೀಮಲಿಂಗಪ್ಪ ಅಂಗಡಿ ಹತ್ತಿದ. ಹೊಳೆದಂಡೆಯ ರೈತ, ಬಹಳ ವರ್ಷದ ಗಿರಾಕಿ. ಬೂರುಗದ ಹತ್ತಿ ಕೇಳಿದ. ಪಂಚಾಕ್ಷರಯ್ಯನವರ ತುಟಿಯವರೆಗೆ ‘ನಾಳೆ’ ಬಂದು ನಿಂತಿತು. ಸೊಸೆ ಹಾರಿಕಾಳ ಪಕ್ಕದಿಂದ ನೋಡುತ್ತಿದ್ದಳು. ಮುದುಕರು ಎದ್ದು, ಚಪ್ಪಲಿ ಮೆಟ್ಟಿ, ಭೀಮಲಿಂಗಪ್ಪನ ತೋಳು ಹಿಡಿದು ಬೀದಿಗೆ ಕರೆದೊಯ್ದರು.

“ಇಲ್ಲಪ್ಪ. ಬೂರುಗದ ಹತ್ತಿ ಇಲ್ಲ. ಬರೋ ತಿಂಗಳ ಬರತೈತಿ.”

ಭೀಮಲಿಂಗಪ್ಪ ಅವರ ಮುಖ ನೋಡಿದ. “ಅಷ್ಟ ಹೇಳ್ರಿ ಅಯ್ಯನೋರ,” ಎಂದ ಸಮಾಧಾನದಿಂದ. “ನಾಳೆ ಬಾ ಅಂತೀರೇನೋ ಅಂತ ಹೆದರಿದ್ದೆ. ನೀವು ನಾಳೆ ಅಂದಾಗೆಲ್ಲ ನಾನು ಬಸ್ ಹತ್ತಿ ಮರದಿನ ಬಂದೀನಿ. ಬಂದಾಗೂ ಮತ್ತ ನಾಳೆ ಅಂತಿದ್ರಿ. ಹಿರೇ ಮನಷ್ಯಾರು, ಸುಳ್ಳು ಹೇಳ್ತಾರೇನು ಅಂತ ಮತ್ತ ಬರ್ತಿದ್ದೆ.”

ಪಂಚಾಕ್ಷರಯ್ಯ ಅವನ ತೋಳನ್ನು ಬಿಡಲಿಲ್ಲ. ಅವರ ಕಣ್ಣಲ್ಲಿ ನೀರಾಡಿದ್ದನ್ನು ಗಂಗೋತ್ರಿ ನೋಡಿದಳು, ನೋಡದವಳಂತೆ ಹಾರಿಕಾಳ ಫೋನಿನ ಕಡೆ ತಿರುಗಿದಳು. ಮಾವ ಭೀಮಲಿಂಗಪ್ಪನನ್ನು ಒಳಗೆ ಕರೆತಂದು, ಗಲ್ಲಾ ಪಕ್ಕದ ತಮ್ಮ ಜಾಗದಲ್ಲೇ ಕೂರಿಸಿ ಚಹಾ ತರಿಸಿದರು.

“ಗಂಗೋತ್ರಿ,” ಎಂದರು ಆಮೇಲೆ, “ಒಳಗಿಂದ ಆ ಕರೀ ಹಲಗಿ ತಗೊಂಬಾ. ಫೋನಿನ್ಯಾಗ ಬರದಂಗ, ಬಾಗಲಕ್ಕೂ ಬರದು ಹಾಕೋಣು.”