ನನ್ನ ಮೂಗಿನ ಸಾಕ್ಷಿ

ಐವತ್ತು ದಾಟಿದ ಮೇಲೆ ನನ್ನ ಮೂಗಿನ ಚರ್ಮ ದಪ್ಪವಾಗತೊಡಗಿತು. ಮೊದಲು ಕೆಂಪಾಯಿತು, ಆಮೇಲೆ ಗಂಟುಗಂಟಾಯಿತು, ಕೊನೆಗೆ ಸೀತಾಫಲದಂತೆ ಉಬ್ಬಿ ನಿಂತಿತು. ನಮ್ಮೂರು ಕೋಗಿಲಿನಲ್ಲಿ ಎಲ್ಲರಿಗೂ ಕಾರಣ ಗೊತ್ತಿತ್ತು: ಕುಡಿತ. ನಾನಾದರೋ ಹೆಂಡವನ್ನು ನಾಲಿಗೆಗೂ ತಾಕಿಸಿದವನಲ್ಲ.

"ಯಜಮಾನ್ರೇ, ಕತ್ಲಾಗೋಕ್ ಮುಂಚೆನೇ ಮೂಗ್ ಕೆಂಪಾಗೈತಲ್ಲ!" ಎಂದು ಟೀ ಅಂಗಡಿಯವನು ನಗುತ್ತಿದ್ದ.

ಶಾಲೆ ಬೇಗ ಬಿಟ್ಟವನಾದರೂ, ಯಾರೋ ಹೇಳಿದ್ದನ್ನು ಪರೀಕ್ಷಿಸದೆ ಒಪ್ಪುವ ಅಭ್ಯಾಸ ನನಗಿಲ್ಲ. ಯಲಹಂಕದ ಗ್ರಂಥಾಲಯದಲ್ಲಿ ನಿಘಂಟನ್ನು ಪಕ್ಕಕ್ಕಿಟ್ಟುಕೊಂಡು ಇಂಗ್ಲಿಷಿನ ವೈದ್ಯಗ್ರಂಥ ಓದಿದೆ. ಈ ರೋಗ ಕುಡಿಯದವರಿಗೂ ಬರುತ್ತದೆಂದು ಅದರಲ್ಲಿತ್ತು. ಮನೆಗೆ ಬಂದು ಹೆಂಡತಿಗೆ ವಿವರಿಸಿದೆ. ಅವಳು ಅಕ್ಕಿ ಆರಿಸುತ್ತಲೇ "ಹೂಂ" ಎಂದಳು. ಆ "ಹೂಂ" ಒಂದನ್ನು ಮಾತ್ರ ನಾನು ಪರೀಕ್ಷಿಸಲಿಲ್ಲ.

ಹೆಬ್ಬಾಳದ ಕ್ಲಿನಿಕ್ಕಿನಲ್ಲಿ ಲೇಸರ್ ಮಾಡಿಸಿಕೊಂಡೆ. ಸೂಜಿ ಚುಚ್ಚಿ ಮೂಗನ್ನು ಮರಗಟ್ಟಿಸಿ, ಕಣ್ಣು ಮುಚ್ಚಿಸಿ, ಹೆಚ್ಚಿನ ಚರ್ಮವನ್ನು ಪದರಪದರವಾಗಿ ಸುಟ್ಟು ತೆಗೆದರು. ಮೂಗು ತಾನು ಸುಡುವ ವಾಸನೆಯನ್ನು ತಾನೇ ಮೂಸುತ್ತಿತ್ತು. ವಾರಗಟ್ಟಲೆ ರಸ ಸೋರಿತು. ಹೆಂಡತಿಯೇ ಮುಲಾಮು ಹಚ್ಚಿದಳು. ಹಸಿಗೆಂಪು ಇಳಿದು ಹಳೆಯ ಆಕಾರ ಕನ್ನಡಿಯಲ್ಲಿ ಕಂಡಾಗ, ಆ ಅಪವಾದವೂ ಸುಟ್ಟುಹೋಯಿತೆಂದುಕೊಂಡೆ.

"ಬಿಟ್ಬುಟ್ರಾ ಯಜಮಾನ್ರೇ! ಮೂಗೇ ಸಾಕ್ಷಿ ಏಳ್ತೈತೆ ಬುಡಿ," ಎಂದ ಟೀ ಅಂಗಡಿಯವನು.

"ಲೇಸರ್ ಕಣಯ್ಯಾ. ನಾನ್ ಯಾವತ್ತೂ ಕುಡ್ದೋನೇ ಅಲ್ಲ."

"ಆಯ್ತು ಬುಡಿ, ಈಗ್ಯಾಕ್ ಅದೆಲ್ಲ!"

ಮನೆಗೆ ಮರಳಿದರೆ ಹೆಂಡತಿ ಅಕ್ಕಿಹಿಟ್ಟು, ಬೆಲ್ಲ ಕಲಸಿ ತಂಬಿಟ್ಟಿನ ದೀಪ ತಟ್ಟುತ್ತಿದ್ದಳು. ಅಂದು ಹಬ್ಬವೇನೂ ಇರಲಿಲ್ಲ.

"ಯಾರಿಗೆ ಆರತಿ?"

"ಊರಮ್ಮಂಗೆ. ನೀವು ಕುಡಿಯೋದ್ ಬಿಟ್ರೆ ತಂಬಿಟ್ಟಿನಾರತಿ ತತ್ತೀನಿ ಅಂತ ಅರಕೆ ಮಾಡ್ಕೊಂಡಿದ್ದೆ."

"ಪುಸ್ತಕದಾಗಿರೋದ್ನ ಏಳಿದ್ನಲ್ಲೇ!"

"ಏಳಿದ್ರಿ. ಬೇಜಾರ್ ಮಾಡ್ಕೋತೀರ ಅಂತ ಹೂಂ ಅಂದೆ."

"ನಾನ್ ಕುಡ್ದಿದ್ನ ಒಂದ್ ಸಲನಾದ್ರೂ ನೋಡಿದೀಯಾ?"

"ನನ್ನೆದ್ರಿಗೆ ಕುಡಿಯೋವಷ್ಟು ಮರ್ಯಾದೆಗೆಟ್ಟೋರಲ್ಲ ನೀವು," ಎಂದಳು, ಅಭಿಮಾನದಿಂದಲೇ.

ಎಂದೂ ಕುಡಿದಿಲ್ಲವೆಂದು ಹಟ ಹಿಡಿದರೆ, ಇನ್ನೂ ಬಿಟ್ಟಿಲ್ಲವೆಂದು ಅವಳು ಮತ್ತೆ ಅಂಜುತ್ತಾಳೆ. ಎಷ್ಟೋ ವರ್ಷಗಳಿಂದ ಕಾಣದಿದ್ದ ನೆಮ್ಮದಿ ಆ ಮುಖದಲ್ಲಿತ್ತು.

ಆರತಿಯ ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ಅವಳು ಹೊರಟಳು. ನೆರೆಯವರು ಬಾಗಿಲಿಗೆ ಬಂದು ನೋಡಿದರು. ಬೆಂಕಿಪೊಟ್ಟಣ ಹಿಡಿದು, ನುಣುಪಾದ ಮೂಗು ಹೊತ್ತು, ನಾನು ಅವಳ ಹಿಂದೆ ನಡೆದೆ.